ತೀರ್ಪು ಬರುವವರೆಗೆ ಮಗು ಯಾರ ಬಳಿ?

ಬಾಣಾಸುರ ಬೆಟ್ಟದ ಮಗ್ಗುಲಿನ ವೆಳ್ಳಮುಂಡದಲ್ಲಿ ಗಂಡಹೆಂಡಿರು ಬೇರೆಯಾಗಿ ಮಗುವಿಗಾಗಿ ವ್ಯಾಜ್ಯ ಹೂಡಿದರೆ, ಕಲ್ಪೆಟ್ಟದ ಕೌಟುಂಬಿಕ ನ್ಯಾಯಾಲಯದಲ್ಲಿ ಮೊತ್ತಮೊದಲು ಏಳುವ ಪ್ರಶ್ನೆ, ತೀರ್ಪು ಬರುವವರೆಗೆ ಆ ಮಗು ಯಾರ ಬಳಿ ಇರತಕ್ಕದ್ದು ಎಂಬುದು. ಈ ‘ವರೆಗೆ’ ಎಂಬ ಪದದ ಬೆನ್ನು ಹತ್ತಿ ಹಳೆಯ ಕಾಯಿದೆ ಗ್ರಂಥಗಳನ್ನು ತಿರುವಿಹಾಕುತ್ತಿದ್ದ ನನಗೆ ಮದರಾಸಿನ ಒಂದು ಮೊಕದ್ದಮೆ ಎದುರಾಯಿತು. ವಯನಾಡು ಆಗ ಮಲಬಾರ್ ಜಿಲ್ಲೆಯ ಭಾಗವಾಗಿ ಮದರಾಸು ಹೈಕೋರ್ಟಿಗೆ ಅಧೀನವಾಗಿದ್ದುದರಿಂದ ಅದು ಈ ಊರಿಗೂ ಪರಕೀಯವಲ್ಲ.

ಅದಕ್ಕೂ ಹಿಂದೆ ಈ ಸೀಮೆಯ ಮರುಮಕ್ಕತ್ತಾಯದ ಮನೆಗಳಲ್ಲಿ ಇಂಥ ಪ್ರಶ್ನೆಗೆ ಆಸ್ಪದವೇ ಕಡಿಮೆ. ಮಗು ತಾಯಿಯ ತರವಾಡಿನದು, ಅದರ ಯೋಗಕ್ಷೇಮ ಕಾರಣವನಾದ ಸೋದರಮಾವನದು. ನಮ್ಮ ದಕ್ಷಿಣ ಕನ್ನಡದ ಅಳಿಯಸಂತಾನದಲ್ಲಿಯೂ ಯಜಮಾನನಿಗೆ ಅಂಥದೇ ಸ್ಥಾನ. ತಂದೆಗೆ ಅಲ್ಲಿ ಅನ್ಯಾಯವಾಗುತ್ತಿದ್ದುದು ನಿಜ. ಆದರೆ ದಾಂಪತ್ಯ ಮುರಿದುಬಿದ್ದರೂ ಮಗು ಮಲಗುವ ಚಾಪೆ ಜಾಗ ಬದಲಿಸುತ್ತಿರಲಿಲ್ಲ. ಆ ಸ್ಥೈರ್ಯವನ್ನು ಕಳೆದುಕೊಂಡ ವ್ಯಥೆ ನನಗಿದೆ.

1890ರ ಪೋಷಕರು ಹಾಗೂ ಪಾಲಿತರ ಕಾಯಿದೆಯ 12ನೆಯ ಕಲಮು, ಅಪ್ರಾಪ್ತವಯಸ್ಕ ಮಗುವನ್ನು ನ್ಯಾಯಾಲಯದ ಮುಂದೆ ಕರೆತರಿಸಿ ತಾತ್ಕಾಲಿಕವಾಗಿ ಒಬ್ಬರ ವಶಕ್ಕೆ ಕೊಡುವ ಅಧಿಕಾರವನ್ನು ನ್ಯಾಯಾಧೀಶರಿಗಿತ್ತಿತು. ಗಂಡನೆಂಬ ಕಾರಣದಿಂದ ಪಾಲಕತ್ವ ಕೇಳುವವನಿಗೆ, ತಂದೆತಾಯಿಗಳ ಸಮ್ಮತಿಯಿಂದ ಅದಾಗಲೇ ಅವನ ಬಳಿಯಿರದ ಬಾಲಿಕೆಯನ್ನು ಒಪ್ಪಿಸಲಾಗದೆಂದೂ ಅದೇ ಕಲಮು ಹೇಳುತ್ತದೆ. ಬಾಲ್ಯವಿವಾಹದ ಕಾಲದ ಕರಿನೆರಳು ಆ ಒಂದು ವಾಕ್ಯದಲ್ಲಿ ಇಂದಿಗೂ ಉಳಿದಿದೆ.

ಇನ್ನು ಆ ಮೊಕದ್ದಮೆ. 1909ರಲ್ಲಿ ಅಡಯಾರಿಗೆ ಬಂದು ನೆಲೆಸಿದ ನಿವೃತ್ತ ತಹಶೀಲ್ದಾರ ನಾರಾಯಣಯ್ಯನವರು, ತಾಯಿಯನ್ನು ಕಳೆದುಕೊಂಡಿದ್ದ ತಮ್ಮ ಮಕ್ಕಳಾದ ಕೃಷ್ಣಮೂರ್ತಿ, ನಿತ್ಯಾನಂದರ ಪಾಲಕತ್ವವನ್ನು 1910ರ ಮಾರ್ಚಿನಲ್ಲಿ ಒಂದು ಪತ್ರದ ಮೂಲಕ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟರಿಗೆ ವಹಿಸಿಕೊಟ್ಟರು. ಹಿರಿಯ ಬಾಲಕನಲ್ಲಿ ಲೋಕಗುರುವನ್ನು ಕಂಡಿದ್ದ ಬೆಸೆಂಟರು ಇಬ್ಬರನ್ನೂ ಇಂಗ್ಲೆಂಡಿಗೆ ಕರೆದೊಯ್ದರು. ಅದೇ ಸೊಸೈಟಿಯ ಲೆಡ್‌ಬೀಟರರ ಸಹವಾಸದಿಂದ ಮಕ್ಕಳನ್ನು ದೂರವಿಡಬೇಕೆಂದು ಪಟ್ಟು ಹಿಡಿದಿದ್ದ ತಂದೆ, 1912ರಲ್ಲಿ ಚೆಂಗಲ್ಪಟ್ಟು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ದಾವೆ ಹೈಕೋರ್ಟಿಗೆ ವರ್ಗವಾಗಲು, ಬೆಸೆಂಟರು ತಮ್ಮ ಪರವಾಗಿ ತಾವೇ ನಿಂತು ವಾದಿಸಿದರು. 1913ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ಲರು ಮಕ್ಕಳನ್ನು ತಂದೆಗೊಪ್ಪಿಸುವಂತೆ ಆದೇಶಿಸಿದರು. ಅಪೀಲಿನಲ್ಲಿಯೂ ಅದೇ ನಿಂತಿತು. 1914ರ ಮೇ ತಿಂಗಳಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ರದ್ದುಪಡಿಸಿತು. ತಂದೆ ಪತ್ರ ಬರೆದು ವಹಿಸಿಕೊಟ್ಟ ಪಾಲಕತ್ವವನ್ನು ಹಿಂತೆಗೆದುಕೊಳ್ಳಬಲ್ಲನೆಂದು ಒಪ್ಪಿಕೊಂಡರೂ, ಇಂಗ್ಲೆಂಡಿನಲ್ಲಿದ್ದ ಮಕ್ಕಳ ಮೇಲೆ ಚೆಂಗಲ್ಪಟ್ಟಿಗೆ ಅಧಿಕಾರವಿಲ್ಲವೆಂದಿತು. ಯಾರ ಬಾಳಿನ ವಿಚಾರವೋ ಆ ಮಕ್ಕಳ ಪರವಾಗಿ ನ್ಯಾಯಾಲಯದಲ್ಲಿ ಯಾರೂ ಮಾತನಾಡಿರಲಿಲ್ಲವೆಂಬುದನ್ನೂ ಎತ್ತಿ ಹೇಳಿತು. ದಾವೆಯ ಆರಂಭದಲ್ಲಿ 17 ವರ್ಷದವನಾಗಿದ್ದ ಕೃಷ್ಣಮೂರ್ತಿ ಅಷ್ಟರಲ್ಲಿ 19ಕ್ಕೆ ಕಾಲಿಟ್ಟಿದ್ದ. ಹಿರಿಯರ ವ್ಯಾಜ್ಯ ಮುಗಿಯುವ ಹೊತ್ತಿಗೆ ಅವನ ಹುಡುಗತನವೂ ಮುಗಿದಿತ್ತು.

ಮುಂದಿನ ದಶಕಗಳನ್ನು ಬೇಗ ದಾಟಿಬಿಡಬಹುದು. 1955ರ ಹಿಂದೂ ವಿವಾಹ ಕಾಯಿದೆಯ 26ನೆಯ ಕಲಮು ಮಧ್ಯಂತರ ಆದೇಶಕ್ಕೆ ಎಡೆಮಾಡಿತು; 1956ರ ಹಿಂದೂ ಅಪ್ರಾಪ್ತವಯಸ್ಕತೆ ಹಾಗೂ ಪಾಲಕತ್ವ ಕಾಯಿದೆ, 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ ಮಗುವಿನ ಕ್ಷೇಮವೇ ಪರಮವೆಂದೂ ಸಾರಿತು; 1973ರ ರೋಸಿ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗುವಿನ ವಶದ ಕುರಿತ ಯಾವ ಆದೇಶವೂ ಪರಿಸ್ಥಿತಿಗನುಗುಣವಾಗಿ ಬದಲಾಗಬಲ್ಲದೆಂದು ಸ್ಪಷ್ಟಪಡಿಸಿತು. ಆದರೆ ವಿವಾಹ ಕಾಯಿದೆಯ ಅದೇ 26ನೆಯ ಕಲಮಿಗೆ ಬಂದ 2001ರ ತಿದ್ದುಪಡಿಯನ್ನೋದಿದಾಗ ನನಗೆ ಅಸಮಾಧಾನವಾಗದಿರಲಿಲ್ಲ. ವ್ಯಾಜ್ಯ ನಡೆಯುತ್ತಿರುವಾಗ ಮಗುವಿನ ಜೀವನಾಂಶ ಹಾಗೂ ವಿದ್ಯಾಭ್ಯಾಸದ ಅರ್ಜಿಯನ್ನು, ಎದುರುಪಕ್ಷಕ್ಕೆ ನೋಟೀಸು ತಲಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥಗೊಳಿಸಬೇಕೆಂದು ವಿಧಿಸಿದ ಶಾಸನಕರ್ತರು, ಮಗು ಎಲ್ಲಿರಬೇಕೆಂಬ ಅರ್ಜಿಗೆ ಅಂಥ ಗಡುವನ್ನು ವಿಧಿಸಲಿಲ್ಲ. ದುಡ್ಡಿಗಿರುವ ತ್ವರೆ ಮಡಿಲಿಗೇಕಿಲ್ಲ?

ಮಧ್ಯಂತರ ಆದೇಶದ ಮೇರೆಗೆ ವಾರಾಂತ್ಯವನ್ನು ಇನ್ನೊಂದು ಮನೆಯಲ್ಲಿ ಕಳೆಯುವ ಮಗುವಿನ ಚೀಲವನ್ನು ನೋಡಿದವರಿಗೆ ಆ ಗಡುವಿಲ್ಲದ ಕಾಲದ ಭಾರ ತಿಳಿದೀತು. ಎರಡು ಜೊತೆ ಬಟ್ಟೆ, ಒಂದು ಹಲ್ಲುಜ್ಜುವ ಬ್ರಷ್ಷು, ಅರ್ಧ ಬರೆದ ಮಗ್ಗಿಯ ಪುಸ್ತಕ. ಶನಿವಾರ ಅಪ್ಪನ ಮನೆಯಲ್ಲಿ ತೆರೆದ ಆ ಪುಸ್ತಕ ಭಾನುವಾರ ಸಂಜೆಯ ಆತುರದಲ್ಲಿ ಅಲ್ಲಿಯೇ ಉಳಿದುಬಿಡುತ್ತದೆ. ಸೋಮವಾರ ಬೆಳಿಗ್ಗೆ ಅಮ್ಮ ಚೀಲ ತಡಕುತ್ತಾಳೆ, ಮಗು ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತದೆ.