ಬೆರಳಿಗೆ ತಿರುಗುವ ಸ್ಟಿಯರಿಂಗು

ವಾಚಕರಲ್ಲಿ ಕಾರು ಉಳ್ಳವರೂ ಇರುವಿರಿ, ಇಲ್ಲದವರೂ ಇರುವಿರಿ. ಇಲ್ಲದವರು ಈ ಪುಟವನ್ನು ಮಗುಚಿ ಹಾಕಬೇಕಾದುದಿಲ್ಲ. ಟ್ಯಾಕ್ಸಿಯಲ್ಲಿ ಕುಳಿತು ಚಾಲಕನ ಕೈಗಳನ್ನು ಗಮನಿಸಿದವರಿಗೆಲ್ಲ ಇದು ಸಂಬಂಧಪಟ್ಟ ಸಂಗತಿಯೇ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಚಾಲಕರು ತಿರುವು ಬಂದೊಡನೆ ಹೆಗಲನ್ನೇ ಮುಂದೊತ್ತಿ ಸ್ಟಿಯರಿಂಗು ಎಳೆಯುತ್ತಿದ್ದುದು ನೆನಪಿದೆಯೆ? ಆ ಪದ್ಮಿನಿಗಳು ೨೦೨೩ರ ಅಕ್ಟೋಬರಿನ ಕೊನೆಗೆ ಟ್ಯಾಕ್ಸಿಯ ಕೆಲಸದಿಂದ ನಿವೃತ್ತವಾದುವು. ಈಗಿನ ಟ್ಯಾಕ್ಸಿಯವನು ಒಂದೇ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ದೋಸೆ ಹೊಯ್ಯುವವರಂತೆ ಸ್ಟಿಯರಿಂಗನ್ನು ಸುತ್ತಿಸಿಬಿಡುತ್ತಾನೆ.

ಈ ವ್ಯತ್ಯಾಸವು ನಮ್ಮ ಮನೆಯಲ್ಲಿ ಚರ್ಚೆಗೆ ಬಂದದ್ದು ನನ್ನ ಭಾವನವರ ಹೆಗಲಿನಿಂದಾಗಿ.

ಭಾವನವರು ಉಡುಪಿಯ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರು. ಮೊದಲು ಒಂದು ಪದ್ಮಿನಿ, ಆಮೇಲೆ ಒಂದು ಮಾರುತಿ ೮೦೦ — ಇವೆರಡರಲ್ಲೇ ಅವರ ಚಾಲನೆಯ ಆಯುಷ್ಯವೆಲ್ಲ ಕಳೆಯಿತು. ಊರಿಗೆ ಹೋಗುವುದಿದ್ದರೂ ತಾವೇ ಓಡಿಸಬೇಕು, ಇನ್ನೊಬ್ಬರ ಕೈಗೆ ಕೀಲಿಕೈ ಕೊಟ್ಟವರಲ್ಲ. ಅರುವತ್ತಾರನೆಯ ವಯಸ್ಸಿನಲ್ಲಿ ಬಲ ಹೆಗಲು ಹಿಡಿದುಕೊಂಡಿತು. ಅಂಗಿ ಹಾಕಿಕೊಳ್ಳುವುದಕ್ಕೂ ಅಕ್ಕನ ಸಹಾಯ ಬೇಕಾಯಿತು. ಕಾರು ಮಾರಿದರು. ಮಾರಿದ ದಿನ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಕಾರಿನ ಮಾತು ಬಂದರೆ ಎದ್ದು ಗ್ಯಾಲರಿಗೆ ಹೋಗುವ ಅಭ್ಯಾಸ ಹಚ್ಚಿಕೊಂಡರು.

ಎರಡು ವರ್ಷಗಳ ಮೇಲೆ ಮಗಳು ಸಣ್ಣ ಕಾರೊಂದನ್ನು ಕೊಂಡಳು. "ಅಪ್ಪಾ, ಇದು ಬೆರಳಿಗೆ ತಿರುಗುತ್ತದೆ, ಒಮ್ಮೆ ಕುಳಿತು ನೋಡಿ" ಎಂದಳು. ಡಾಕ್ಟರರ ಅಪ್ಪಣೆ ಪಡೆದು ಭಾವನವರು ಒಂದು ಆದಿತ್ಯವಾರ ಬೆಳಿಗ್ಗೆ ಮಾಟುಂಗದ ಓಣಿಗಳಲ್ಲಿ ಒಂದು ಸುತ್ತು ಹೊಡೆದರು. ಹಿಂದಿರುಗಿದಾಗ ಅವರ ಮುಖ ನೋಡಬೇಕಿತ್ತು! ಎರಡು ವರ್ಷದಿಂದ ಮುಚ್ಚಿದ್ದ ಅಂಗಡಿಯ ಬಾಗಿಲು ತೆರೆದಂತಿತ್ತು.

ಈ ಸೌಕರ್ಯ ಬಂದ ಬಗೆಯನ್ನು ತುಸು ಹೇಳಬೇಕು. ಸ್ಟಿಯರಿಂಗಿಗೆ ಯಂತ್ರದ ನೆರವು ಕೊಡುವ ಆಲೋಚನೆ ಹೊಸದಲ್ಲ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರರು ೧೯೨೬ರಲ್ಲಿಯೇ ಎಣ್ಣೆಯ ಒತ್ತಡದಿಂದ ನಡೆಯುವ ಏರ್ಪಾಡನ್ನು ಮಾಡಿ ತೋರಿಸಿದ್ದರು. ಅದು ಮಾರಾಟದ ಕಾರಿಗೆ ಬಂದದ್ದು ೧೯೫೧ರಲ್ಲಿ, ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಕಾರಿನಲ್ಲಿ. ಎಣ್ಣೆಯ ಪಂಪನ್ನು ಎಂಜಿನ್ನಿಗೆ ಬೆಲ್ಟು ಹಾಕಿ ತಿರುಗಿಸಬೇಕು. ನೀವು ನೆಟ್ಟಗೆ ಹೋಗುತ್ತಿದ್ದರೂ ಅದು ತಿರುಗುತ್ತಲೇ ಇರಬೇಕು, ಪೆಟ್ರೋಲು ಕುಡಿಯುತ್ತಲೇ ಇರಬೇಕು. ದೊಡ್ಡ ಎಂಜಿನ್ನಿಗೆ ಅದು ಲೆಕ್ಕವಲ್ಲ, ಸಣ್ಣ ಕಾರಿಗೆ ಭಾರವೇ. ಆದುದರಿಂದಲೇ ವಿದ್ಯುತ್ ಮೋಟರಿನ ಸ್ಟಿಯರಿಂಗು ಮೊದಲು ಕಾಣಿಸಿದ್ದು ಶ್ರೀಮಂತರ ಗಾಡಿಯಲ್ಲಲ್ಲ, ೧೯೮೮ರಲ್ಲಿ ಜಪಾನಿನ ಸುಜುಕಿ ಸೆರ್ವೋ ಎಂಬ ಪುಟ್ಟ ಕಾರಿನಲ್ಲಿ. ಅದರ ಎಂಜಿನು ೫೪೭ ಸಿ.ಸಿ., ನಮ್ಮ ಮಾರುತಿ ೮೦೦ಕ್ಕಿಂತಲೂ ಚಿಕ್ಕದು. ಬಡವನ ಮನೆಯಲ್ಲಿ ಹುಟ್ಟಿದ ಉಪಾಯ ಈಗ ದೊಡ್ಡವರ ಮನೆಗಳಲ್ಲೂ ನಡೆಯುತ್ತಿದೆ.

ಇದರ ಒಳಗುಟ್ಟು ಹೀಗಿದೆ. ಸ್ಟಿಯರಿಂಗಿನಿಂದ ಕೆಳಗಿಳಿಯುವ ಸರಳು ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಡಲ್ಲ. ನಡುವೆ ತೆಳ್ಳನೆಯ ಉಕ್ಕಿನ ಕಡ್ಡಿಯೊಂದಿದೆ. ನಾವು ತಿರುಗಿಸಿದಾಗ ಗಾಲಿಗಳು ಒಡನೆಯೇ ಒಪ್ಪುವುದಿಲ್ಲವಷ್ಟೆ. ಆಗ ಆ ಕಡ್ಡಿಯು ಒದ್ದೆ ಬಟ್ಟೆ ಹಿಂಡಿದಂತೆ, ಕೆಲವೇ ಡಿಗ್ರಿಗಳಷ್ಟು, ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತೆಂಬುದನ್ನು ಒಂದು ಸೆನ್ಸರು ಅಳೆಯುತ್ತದೆ. ಕಾರಿನ ವೇಗವೆಷ್ಟೆಂಬುದು ಇನ್ನೊಂದು ಕಡೆಯಿಂದ ತಿಳಿಯುತ್ತದೆ. ಎರಡನ್ನೂ ಕೂಡಿಸಿ ಒಂದು ಪುಟ್ಟ ಕಂಪ್ಯೂಟರು ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಿ, ಮೋಟರಿಗೆ ಇಷ್ಟು ಬಲ ಕೊಡು ಎಂದು ಅಪ್ಪಣೆ ಮಾಡುತ್ತದೆ. ಕಾರು ನಿಂತಲ್ಲೇ ಇದ್ದರೆ ನೆರವು ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. ನೆಟ್ಟಗೆ ಓಡುವಾಗ ಮೋಟರು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪೆಟ್ರೋಲು ಉಳಿಯುವುದು ಅಲ್ಲಿಯೇ.

ಇಷ್ಟರಲ್ಲೇ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ಆ ವರ್ಷದ ಆಷಾಢದಲ್ಲಿ ಪುಣೆಯಲ್ಲಿದ್ದ ಸಂಬಂಧಿಕರ ಮನೆಗೆ ಹೊರಟೆವು. ಭಾವನವರೇ ಚಾಲಕರು, ನಾನು ಪಕ್ಕದಲ್ಲಿ. ಖಂಡಾಳ ಘಾಟು ಏರುವಾಗ ಮಳೆ ಹಿಡಿಯಿತು. ಭಾವನವರು ವೇಗವನ್ನು ಇಳಿಸಿದರು, ಇನ್ನೂ ಇಳಿಸಿದರು. ಹಿಂದಿನಿಂದ ಲಾರಿಗಳು ಹಾರನ್ನು ಬಾರಿಸತೊಡಗಿದುವು.

"ಏನಾಯಿತು ಭಾವ? ಹೆಗಲು ನೋಯುತ್ತದೆಯೆ?"

"ಹೆಗಲಿಗೆ ಏನೂ ಇಲ್ಲ ಮಾರಾಯ. ಇದು ಮಾತೇ ಆಡುವುದಿಲ್ಲವಲ್ಲ! ಕೆಳಗೆ ರಸ್ತೆ ಉಂಟೋ ಇಲ್ಲವೋ ಎಂದು ಕೈಗೆ ಗೊತ್ತಾಗುವುದು ಬೇಡವೆ?"

ನಾನು ಮೂವತ್ತು ವರ್ಷ ಯಂತ್ರಗಳ ನಡುವೆ ಕೆಲಸ ಮಾಡಿದವನು; ಆದರೂ ಆ ಮಾತನ್ನು ಮುದುಕರ ಗೊಣಗು ಎಂದು ತಿಳಿದು ನಕ್ಕೆ. ಮನೆಗೆ ಬಂದು ಯೋಚಿಸಿದಾಗ ಅದು ನಗುವ ಮಾತಲ್ಲವೆಂದು ತೋರಿತು.

ಸೈಕಲ್ಲು ಓಡಿಸುವಾಗ ಎರಡೂ ಕೈ ಬಿಟ್ಟರೆ ಹ್ಯಾಂಡಲು ತಾನೇ ನೆಟ್ಟಗಾಗುತ್ತದಲ್ಲವೆ? ಮುಂದಿನ ಗಾಲಿಯನ್ನು ಓರೆಯಾಗಿ ಕೂಡಿಸಿರುವುದರ ಫಲ ಅದು. ಕಾರಿನಲ್ಲಿಯೂ ಹಾಗೆಯೇ, ತಿರುವು ಮುಗಿದೊಡನೆ ಸ್ಟಿಯರಿಂಗು ತಾನಾಗಿ ನೆಟ್ಟಗಾಗಲು ಹವಣಿಸುತ್ತದೆ. ಇದಲ್ಲದೆ ಇನ್ನೊಂದು ಸೂಕ್ಷ್ಮವಿದೆ. ತಿರುವಿನಲ್ಲಿ ರಸ್ತೆಯು ಟಯರನ್ನು ಪಕ್ಕಕ್ಕೆ ಒತ್ತುವ ಬಲ ಬೀಳುವುದು ಗಾಲಿಯ ಸರಿ ನಡುವಿಗಲ್ಲ, ತುಸು ಹಿಂದಕ್ಕೆ. ಅದರಿಂದಲೇ ಕೈಗೆ ಒಂದು ಎಳೆತ ತಿಳಿಯುವುದು. ಟಯರಿನ ಹಿಡಿತ ಮುಗಿಯುತ್ತ ಬಂದಾಗ ಆ ಬಲವು ಮುಂದಕ್ಕೆ ಸರಿದು, ಎಳೆತ ಸಡಿಲವಾಗುತ್ತದೆ. ಗಾಲಿ ಜಾರುವುದಕ್ಕೆ ಸ್ವಲ್ಪ ಮೊದಲೇ ಸ್ಟಿಯರಿಂಗು ಹಗುರವಾಗುತ್ತದೆ. ಹಳೆಯ ಚಾಲಕರ ಅಂಗೈಗೆ ತಿಳಿಯುತ್ತಿದ್ದ ಸುದ್ದಿ ಇದೇ. ಕಾರಣ ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಹೊಸ ಏರ್ಪಾಡಿನಲ್ಲಿ ಆ ಸುದ್ದಿಗೂ ಅಂಗೈಗೂ ನಡುವೆ ಒಂದು ಮೋಟರು, ಒಂದು ಹಲ್ಲಿನ ಗಾಲಿ ಕುಳಿತಿವೆ. ಅವುಗಳ ಘರ್ಷಣೆಯಲ್ಲಿ ಸಣ್ಣ ಸುದ್ದಿಗಳೆಲ್ಲ ಕರಗಿಹೋಗುತ್ತವೆ. ಕೆಲವು ಕಾರುಗಳಲ್ಲಿ ತಿರುವಿನ ಮೇಲೆ ಸ್ಟಿಯರಿಂಗು ತಾನಾಗಿ ಪೂರ್ತಿ ನೆಟ್ಟಗಾಗದೆ, ಕೈಯಿಂದಲೇ ಹಿಂದಕ್ಕೆ ತರಬೇಕಾಗುವುದೂ ಇದರಿಂದಲೇ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮೋಟರು ಸ್ಟಿಯರಿಂಗಿನ ಸರಳಿಗೇ ಅಂಟಿಕೊಂಡಿರುತ್ತದೆ. ಬೆಲೆಬಾಳುವ ಅನೇಕ ಗಾಡಿಗಳಲ್ಲಿ ಅದನ್ನು ಕೆಳಗೆ, ಗಾಲಿಗಳ ಬಳಿ ಕೂಡಿಸುತ್ತಾರೆ. ಅಲ್ಲಿ ಸುದ್ದಿ ತುಸು ಚೆನ್ನಾಗಿ ಬರುತ್ತದೆ. 'ಸ್ಪೋರ್ಟ್' ಎಂಬ ಗುಂಡಿ ಒತ್ತಿದರೆ ಕೆಲವು ಕಾರುಗಳ ಸ್ಟಿಯರಿಂಗು ಬಿಗಿಯಾಗುತ್ತದೆ. ತರುಣರು ಅದನ್ನು ಮೆಚ್ಚುತ್ತಾರೆ. ನನ್ನ ಮಟ್ಟಿಗೆ ಅದು ಹೆಚ್ಚಾಗಿ ನೆರವನ್ನು ಕಡಿಮೆ ಮಾಡುವ ಗುಂಡಿಯೇ ಹೊರತು ರಸ್ತೆಯ ಸುದ್ದಿ ತರುವ ಗುಂಡಿಯಲ್ಲ. ಕಿವುಡನು ಗಟ್ಟಿಯಾಗಿ ಮಾತಾಡಿದರೆ ಕಿವಿ ಬಂದೀತೆ?

ಆದರೂ ಪಕ್ಷಪಾತ ಮಾಡಬಾರದು. ಹೊಂಡಕ್ಕೆ ಬಿದ್ದಾಗ ಮಣಿಕಟ್ಟಿಗೆ ಬೀಳುತ್ತಿದ್ದ ಏಟನ್ನೂ ಇದೇ ಮೋಟರು ತಡೆಯುತ್ತದೆ. ನಮ್ಮ ನಗರಗಳ ಹೊಂಡಗಳನ್ನು ಬಲ್ಲವರು ಇದನ್ನು ಸಣ್ಣ ಉಪಕಾರವೆನ್ನಲಾರರು.

ಈಗ ನಮ್ಮನ್ನು ನಿಜವಾಗಿ ಕಂಗೆಡಿಸಿದ ಸಂಗತಿಗೆ ಬರುತ್ತೇನೆ. ಭಾವನವರ ಕಟ್ಟಡದ ಅಂಗಳ ಬಹಳ ಇಕ್ಕಟ್ಟು. ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಾಡಿಗಳ ನಡುವೆ ಕಾರನ್ನು ತೂರಿಸಲು ಅವರು ನಿಂತಲ್ಲೇ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ ಹತ್ತು-ಹನ್ನೆರಡು ಸಲ ಹಿಂದೆ ಮುಂದೆ ಮಾಡಿದರು. ಇದ್ದಕ್ಕಿದ್ದಂತೆ ಸ್ಟಿಯರಿಂಗು ಭಾರವಾಯಿತು. ಅವರು ಹೇಗೋ ಕಾರು ನಿಲ್ಲಿಸಿ, ಮೇಲೆ ಬಂದು, ಕೀಲಿಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಯಾರೊಡನೆಯೂ ಮಾತಾಡದೆ ಮಲಗಿದರು. ನಾಲ್ಕು ದಿನ ಹೀಗೆಯೇ. ಅಕ್ಕ ಗಾಬರಿಯಾಗಿ ನನಗೆ ಹೇಳಿಕಳುಹಿಸಿದಳು. ಬಹಳ ಕೇಳಿದ ಮೇಲೆ ಬಾಯಿ ಬಿಟ್ಟರು: "ಹೆಗಲು ಪುನಃ ಹೋಯಿತು ಮಾರಾಯ. ಇನ್ನು ನನ್ನಿಂದಾಗದು."

ನನಗೆ ಅನುಮಾನ ಬಂತು. ಕೈ ಎತ್ತಿಸಿದೆ, ಕೈ ಸರಾಗವಾಗಿ ಮೇಲೆ ಹೋಯಿತು! ಹೋದದ್ದು ಹೆಗಲಲ್ಲ, ದಣಿದದ್ದು ಮೋಟರು. ನಿಂತ ಗಾಡಿಯ ಗಾಲಿಯನ್ನು ನೆಲಕ್ಕೆ ಉಜ್ಜಿ ತಿರುಗಿಸುವಾಗ ಅದು ಬ್ಯಾಟರಿಯಿಂದ ನಲವತ್ತು ಐವತ್ತು ಆಂಪಿಯರ್ ಎಳೆಯಬಹುದು, ಅಂದರೆ ಹತ್ತು ಹೆಡ್‌ಲೈಟು ಬಲ್ಬುಗಳಷ್ಟು. ಹೀಗೆ ಬಿಡುವಿಲ್ಲದೆ ಮಾಡಿದರೆ ಮೋಟರು ಕಾಯುತ್ತದೆ. ಸುಟ್ಟುಹೋಗಬಾರದೆಂದು ಕಂಪ್ಯೂಟರು ನೆರವನ್ನು ಕಡಿಮೆ ಮಾಡುತ್ತದೆ. ತಣಿದ ಮೇಲೆ ಮೊದಲಿನಂತೆಯೇ ಆಗುತ್ತದೆ. ಭಾವನವರನ್ನು ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದೆ. ಒಂದೇ ಬೆರಳಿಗೆ ಸ್ಟಿಯರಿಂಗು ತಿರುಗಿತು. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ, "ಇಷ್ಟು ಹೇಳುವವರು ಒಬ್ಬರೂ ಇರಲಿಲ್ಲವಲ್ಲ" ಎಂದರು.

ಆ ಮಾತು ನನಗೆ ನಾಟಿತು. ಆದುದರಿಂದ ಮನೆಯಲ್ಲಿ ಹಿರಿಯ ಚಾಲಕರಿರುವವರು ಅವರಿಗೆ ಕೆಲವು ಸಂಗತಿಗಳನ್ನು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕಾರು ಒಂದಿಷ್ಟಾದರೂ ಉರುಳುತ್ತಿರುವಾಗ ತಿರುಗಿಸಿದರೆ ಮೋಟರಿಗೂ ಟಯರಿಗೂ ಹಿತ. ಬ್ಯಾಟರಿ ಬಡವಾದರೆ ಸ್ಟಿಯರಿಂಗೂ ಬಡವಾಗಬಹುದು. ಸ್ಟಿಯರಿಂಗಿನ ಚಿತ್ರವುಳ್ಳ ದೀಪ ಹೊತ್ತಿಕೊಂಡರೆ ನೆರವು ನಿಂತಿರಬಹುದು; ಆದರೆ ಸಾಮಾನ್ಯ ಕಾರುಗಳಲ್ಲಿ ಗಾಲಿಗೂ ಕೈಗೂ ಇರುವ ಉಕ್ಕಿನ ಸಂಬಂಧ ಹಾಗೆಯೇ ಇರುತ್ತದೆ. ಹೆದರದೆ, ಎರಡೂ ಕೈಗಳಿಂದ ಬಲವಾಗಿ ತಿರುಗಿಸಿ, ಮೆಲ್ಲನೆ ಬದಿಗೆ ನಿಲ್ಲಿಸಿ ವರ್ಕ್‌ಶಾಪಿಗೆ ತಿಳಿಸಬೇಕು. ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲೆಂದು ಕೀಲಿಕೈ ತಿರುಗಿಸಿ ಎಂಜಿನು ಆರಿಸುವ ಹಳೆಯ ಚಾಳಿಯನ್ನಂತೂ ಬಿಟ್ಟೇಬಿಡಬೇಕು. ನೆರವೂ ಹೋದೀತು, ಸ್ಟಿಯರಿಂಗಿಗೆ ಬೀಗವೂ ಬಿದ್ದೀತು.

ಇನ್ನೊಂದು ಮಾತು. ಗಾಳಿ ಕಡಿಮೆಯಾದ ಟಯರು ಹಳೆಯ ಕಾರಿನಲ್ಲಿ ಸ್ಟಿಯರಿಂಗನ್ನು ಭಾರ ಮಾಡಿ, ಒಂದು ಕಡೆಗೆ ಎಳೆದು ತನ್ನ ದೂರು ಹೇಳಿಕೊಳ್ಳುತ್ತಿತ್ತು. ಈಗ ಮೋಟರು ಆ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ, ಕೆಲವು ಕಾರುಗಳಲ್ಲಿ ಎಳೆತವನ್ನೂ ಸರಿದೂಗಿಸುತ್ತದೆ. ದೂರು ಕೈಗೆ ಮುಟ್ಟುವುದೇ ಇಲ್ಲ. ಮಳೆಯಲ್ಲಿ ಅಂಗೈಯನ್ನು ನಂಬುವ ಕಾಲ ಹೋಯಿತು. ವೇಗದ ಮುಳ್ಳನ್ನೂ ಟಯರನ್ನೂ ಕಣ್ಣಿನಿಂದಲೇ ನೋಡಿಕೊಳ್ಳಬೇಕು.

ಭಾವನವರು ಗಾಳಿ ಅಳೆಯುವ ಒಂದು ಗೇಜನ್ನು ಕೊಂಡು ಅಂಗಿಯ ಜೇಬಿನಲ್ಲಿ ಪೆನ್ನಿನಂತೆ ಇಟ್ಟುಕೊಂಡಿದ್ದಾರೆ. ಕಳೆದ ಚೌತಿಗೆ ಎಲ್ಲರೂ ಊರಿಗೆ ಹೊರಟೆವು. ಪನವೇಲಿನವರೆಗೆ ಅವರು ಓಡಿಸಿದರು, ಅಲ್ಲಿಂದ ಮಗಳು, ಆಮೇಲೆ ನಾನು. ಕಾರವಾರ ದಾಟಿದೊಡನೆ ಮತ್ತೆ ಕೀಲಿಕೈ ಕೇಳಿದರು. ಕುಮಟೆಯಲ್ಲಿ ಚಹಾಕ್ಕೆ ನಿಂತಾಗ ನಾವೆಲ್ಲ ಹೋಟೆಲಿನೊಳಗೆ ಹೋದೆವು, ಅವರು ಬರಲಿಲ್ಲ. ಹೊರಗೆ ಬಂದು ನೋಡಿದರೆ, ಜಿಟಿಜಿಟಿ ಮಳೆಯಲ್ಲಿ ಎಡಗಡೆಯ ಮುಂದಿನ ಗಾಲಿಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು.

"ಎರಡು ಪೌಂಡು ಕಡಿಮೆ ಉಂಟು" ಎಂದರು. "ಗಾಳಿ ಹಾಕುವವ ಇಲ್ಲಿ ಎಲ್ಲಿದ್ದಾನೆ, ಸ್ವಲ್ಪ ಕೇಳಿ ಬಾ."