ಎರಡನೆಯ ಅಧ್ಯಾಯ ಬರೆಯುವ ಬಗೆ

ಯಾವ ಪಿಎಚ್.ಡಿ. ಮಹಾಪ್ರಬಂಧ ತೆರೆದರೂ ಮೊದಲ ಅಥವಾ ಎರಡನೆಯ ಅಧ್ಯಾಯದಲ್ಲಿ ‘ಈವರೆಗಿನ ಅಧ್ಯಯನಗಳ ಸಮೀಕ್ಷೆ’ ಎಂಬ ಭಾಗ ಇದ್ದೇ ಇರುತ್ತದೆ. ಸಮಾಜವಿಜ್ಞಾನದವರು ಇದನ್ನೇ ಸಾಹಿತ್ಯ ಸಮೀಕ್ಷೆ ಎನ್ನುತ್ತಾರೆ; ಕನ್ನಡ ವಿಭಾಗದಲ್ಲಿ ಹಾಗೆಂದರೆ ಪಂಪ, ರನ್ನರನ್ನು ಅಳೆಯಲು ಹೊರಟಂತೆ ಕೇಳಿಸುತ್ತದೆ. ಹೆಸರು ಏನೇ ಇರಲಿ, ನಾನು ನೋಡಿದ ಕರಡುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಇಂಥವರು ಇಂಥ ಇಸವಿಯಲ್ಲಿ ಇಂಥ ಪುಸ್ತಕ ಬರೆದರು, ಅದರಲ್ಲಿ ಐದು ಅಧ್ಯಾಯಗಳಿವೆ, ಕೃತಿ ಉಪಯುಕ್ತವಾಗಿದೆ. ಮುಂದಿನ ಪ್ಯಾರಾದಲ್ಲಿ ಇನ್ನೊಬ್ಬರು, ಇನ್ನೊಂದು ಪುಸ್ತಕ. ಇದಕ್ಕೆ ಪುಸ್ತಕದಂಗಡಿಯ ಕ್ಯಾಟಲಾಗೇ ಸಾಕಲ್ಲ.

ತಾಳಮದ್ದಳೆಯಲ್ಲಿ ಅರ್ಥಧಾರಿಗೆ ತನ್ನ ಮಾತಿಗಿಂತ ಮೊದಲು ಎದುರಾಳಿಯ ಮಾತು ಗೊತ್ತಿರಬೇಕು: ಏನು ಹೇಳಿದರು, ಎಲ್ಲಿ ಹಿಡಿತ ಬಿಟ್ಟರು ಎಂದು. ಸಮೀಕ್ಷೆಯ ಕೆಲಸವೂ ಅಷ್ಟೇ. ನಡೆಯುತ್ತಿರುವ ವಾದವನ್ನು ಓದುಗನಿಗೆ ಕೇಳಿಸಿ, ನಮ್ಮ ಮಾತು ಎಲ್ಲಿಂದ ಶುರು ಎಂದು ತೋರಿಸಬೇಕು.

ಉದಾಹರಣೆಗೆ ಕವಿರಾಜಮಾರ್ಗವನ್ನೇ ತೆಗೆದುಕೊಳ್ಳಿ. ‘ಕವಿರಾಜಮಾರ್ಗ: ಒಂದು ಅಧ್ಯಯನ’ ಎಂದು ಶೀರ್ಷಿಕೆ ಇಟ್ಟರೆ ಹುಡುಕಾಟಕ್ಕೆ ದಡವೇ ಇರುವುದಿಲ್ಲ. ‘ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಅದರ ನಾಡಿನ ಕಲ್ಪನೆಯನ್ನು ವಿದ್ವಾಂಸರು ಹೇಗೆ ಓದಿದ್ದಾರೆ?’ ಎಂದು ಕೇಳಿಕೊಂಡರೆ ಯಾವ ಪುಸ್ತಕ ಬೇಕು, ಯಾವುದು ಬೇಡ ಎಂಬುದು ತಾನೇ ತಿಳಿಯುತ್ತದೆ. ಮೊದಲು ಪ್ರಶ್ನೆ, ಆಮೇಲೆ ಗ್ರಂಥಾಲಯ.

ಹುಡುಕುವಲ್ಲಿ ಕನ್ನಡದ ವಿದ್ಯಾರ್ಥಿಗೆ ಇರುವ ತೊಡಕು ಬೇರೆಯವರಿಗಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಇಂಗ್ಲಿಷ್ ಲೇಖನಗಳು ಸಲೀಸಾಗಿ ಸಿಗುತ್ತವೆ. ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿಯೂ ಅದರ ಕೆಳಗೇ ಇರುತ್ತದೆ. 2025ರ ಜನವರಿಯಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ತೆರೆದಿವೆ. ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಆದರೆ ‘ಪ್ರಬುದ್ಧ ಕರ್ಣಾಟಕ’, ‘ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆ’, ‘ಕರ್ನಾಟಕ ಭಾರತಿ’ಗಳ ಹಳೆಯ ಸಂಚಿಕೆಗಳ ಒಳ್ಳೊಳ್ಳೆಯ ಲೇಖನಗಳನ್ನು ಈ ಯಂತ್ರಗಳಿಂದ ಹುಡುಕುವುದು ಕಷ್ಟ. ಇನ್ನು ಅಭಿನಂದನ ಗ್ರಂಥಗಳು, ಸಂಸ್ಮರಣ ಗ್ರಂಥಗಳು. ಕನ್ನಡ ಸಂಶೋಧನೆಯ ಎಷ್ಟೋ ಮುಖ್ಯ ಬರಹಗಳು ಯಾರದೋ ಷಷ್ಟ್ಯಬ್ದಿಯ ಸಂಪುಟದೊಳಗೆ ಅಡಗಿ ಕುಳಿತಿವೆ. ಅವುಗಳನ್ನು ಕಪಾಟಿನ ಮುಂದೆ ನಿಂತು ಪರಿವಿಡಿ ತಿರುವಿಯೇ ಹಿಡಿಯಬೇಕು. ಒಬ್ಬರ ಬಿಡಿ ಲೇಖನಗಳೆಲ್ಲ ಒಂದೆಡೆ ಸೇರಿದ್ದರೆ ಅದು ಪುಣ್ಯ, ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳು ಅಂಥವು.

ಶೋಧಗಂಗಾದಲ್ಲಿ ಮಹಾಪ್ರಬಂಧಗಳು ಅಧ್ಯಾಯವಾರು ಪಿಡಿಎಫ್ ಆಗಿ ಸಿಗುತ್ತವೆ. ಅಲ್ಲಿ ಕನ್ನಡ ಲಿಪಿಯಲ್ಲಿ ಹುಡುಕಿ ಏನೂ ಸಿಗದಿದ್ದರೆ ಕೈಬಿಡಬೇಡಿ. ಎಷ್ಟೋ ಪ್ರಬಂಧಗಳ ಶೀರ್ಷಿಕೆ ರೋಮನ್ ಅಕ್ಷರದಲ್ಲಿದೆ. ಹಲವು ಯುನಿಕೋಡ್‌ಗೆ ಮುಂಚಿನ ನುಡಿ, ಬರಹದ ಫಾಂಟುಗಳಲ್ಲಿ ಟೈಪಾದವು. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳದೂ ಇದೇ ಪಾಡು. ಒಂದೇ ಹೆಸರನ್ನು ನಾಲ್ಕು ಬಗೆಯ ಸ್ಪೆಲಿಂಗಿನಲ್ಲಿ ಹೊಡೆದು ನೋಡಬೇಕು.

ಎಲ್ಲಕ್ಕಿಂತ ಹಳೆಯ ಉಪಾಯ ಅಡಿಟಿಪ್ಪಣಿ. ಇತ್ತೀಚಿನ ಒಂದು ಒಳ್ಳೆಯ ಪುಸ್ತಕ ಹಿಡಿದು, ಅದರ ಅಡಿಟಿಪ್ಪಣಿಗಳ ಜಾಡಿನಲ್ಲಿ ಹಿಂದೆ ಹಿಂದೆ ಹೋಗಿ. ಹೊಸ ಪುಸ್ತಕ ತೆರೆದಾಗಲೂ ಆಗಲೇ ಕಂಡ ಹೆಸರುಗಳೇ ಮತ್ತೆ ಬರತೊಡಗಿದರೆ ಹುಡುಕಿದ್ದು ಬಹುಮಟ್ಟಿಗೆ ಸಾಕು ಎಂದರ್ಥ. ಎಐ ಚಾಟ್‌ಬಾಟ್‌ಗಳನ್ನು ಕೇಳಿ ಪಟ್ಟಿ ಮಾಡುವವರಿಗೆ ಒಂದು ಎಚ್ಚರಿಕೆ: ಇಲ್ಲದ ಪುಸ್ತಕಕ್ಕೆ ಇರುವ ಲೇಖಕರನ್ನು ಅಂಟಿಸಿ ಕೊಡುವುದರಲ್ಲಿ ಅವು ನಿಸ್ಸೀಮ. ಕೈಯಲ್ಲಿ ಹಿಡಿದು ನೋಡದ ಪುಸ್ತಕ ಪಟ್ಟಿಯಲ್ಲಿ ಇರಬಾರದು.

ಸಿಕ್ಕಿದ್ದನ್ನೆಲ್ಲ ಮೊದಲ ಪುಟದಿಂದ ಓದುತ್ತ ಕೂರಲು ಫೆಲೋಶಿಪ್ಪಿನ ಅವಧಿ ಸಾಲದು. ಮುನ್ನುಡಿ, ಪರಿವಿಡಿ, ಕೊನೆಯ ಅಧ್ಯಾಯ ನೋಡಿ. ಪ್ರಶ್ನೆಗೆ ತಾಗುವುದಾದರೆ ಮಾತ್ರ ಪೂರ್ತಿ ಓದಿ. ಓದುವಾಗಲೇ ಲೇಖಕ, ಪ್ರಕಾಶಕರು, ಇಸವಿ, ಪುಟಸಂಖ್ಯೆಗಳನ್ನು ಬರೆದಿಡಿ. ಇದಕ್ಕೆ ಝೊಟೆರೊ ಎಂಬ ಉಚಿತ ತಂತ್ರಾಂಶವಿದೆ, ಹಳೆಯ ಕಾಲದ ಕಾರ್ಡೂ ಆದೀತು.

ಇನ್ನು ಮುಖ್ಯವಾದ ಕೆಲಸ. ದೊಡ್ಡ ಹಾಳೆಯೊಂದರಲ್ಲಿ ಎಡಕ್ಕೆ ಕೃತಿಗಳನ್ನೂ ಮೇಲ್ಗಡೆ ಪ್ರಶ್ನೆಗಳನ್ನೂ ಬರೆದು ಮನೆಗಳನ್ನು ತುಂಬುತ್ತ ಬನ್ನಿ. ಕವಿರಾಜಮಾರ್ಗದ ವಿಷಯದಲ್ಲಿ ಆಗ ಕಾಣುವುದು ಹೀಗೆ. 1898ರಲ್ಲಿ ಕೆ. ಬಿ. ಪಾಠಕರು ಕೃತಿಯನ್ನು ಸಂಪಾದಿಸಿ, ಕರ್ತೃ ನೃಪತುಂಗನೇ ಎಂದರು. ಪರಿಚ್ಛೇದಗಳ ಕೊನೆಯಲ್ಲಿ ಬರುವ ಮಾತಿಗೆ ನೃಪತುಂಗ ಒಪ್ಪಿದ್ದು ಎಂದಷ್ಟೇ ಅರ್ಥ ಎಂಬ ವಾದ ಮುಂದೆ ಬಲಗೊಂಡು, ಈಗ ಹೆಚ್ಚಿನವರು ಶ್ರೀವಿಜಯನ ಹೆಸರು ಹೇಳುತ್ತಾರೆ. ಇದೊಂದು ಗುಂಪು, ಕರ್ತೃವಿನ ಪ್ರಶ್ನೆಯದು. ದಂಡಿಯ ಕಾವ್ಯಾದರ್ಶದಿಂದ ಪಡೆದದ್ದೆಷ್ಟು, ಸ್ವಂತದ್ದೆಷ್ಟು ಎಂದು ಕೇಳಿದವರದು ಇನ್ನೊಂದು. ಕೆ. ವಿ. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’, ಶೆಲ್ಡನ್ ಪೊಲಾಕರ 2006ರ ಇಂಗ್ಲಿಷ್ ಗ್ರಂಥ ‘ದ ಲ್ಯಾಂಗ್ವೇಜ್ ಆಫ್ ದ ಗಾಡ್ಸ್ ಇನ್ ದ ವರ್ಲ್ಡ್ ಆಫ್ ಮೆನ್’ ಬರುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿದೆ: ದೇಶಭಾಷೆಯೊಂದು ಸಂಸ್ಕೃತದ ಎದುರಿಗೆ ತನ್ನ ಜಗತ್ತನ್ನು ಹೇಗೆ ಕಟ್ಟಿಕೊಂಡಿತು? ನಿಮ್ಮ ನಾಡಿನ ಕಲ್ಪನೆಯ ಪ್ರಶ್ನೆಗೆ ಈ ಮೂರನೆಯ ಗುಂಪು ತೀರ ಹತ್ತಿರ. ಅದಕ್ಕೆ ಪುಟಗಳು ಜಾಸ್ತಿ; ಕರ್ತೃವಿನ ಜಗಳಕ್ಕೆ ಒಂದು ಪ್ಯಾರಾ ಸಾಕು.

ಹಾಳೆಯಲ್ಲಿ ಖಾಲಿ ಉಳಿದ ಮನೆಯೇ ನಿಮ್ಮ ಸಂಶೋಧನೆಯ ಜಾಗ ಇರಬಹುದು. ‘ಈ ಬಗ್ಗೆ ಯಾರೂ ಕೆಲಸ ಮಾಡಿಲ್ಲ’ ಎಂದು ಬರೆಯುವ ಮುನ್ನ ಮಾತ್ರ ಮತ್ತೆರಡು ದಿನ ಹುಡುಕಿ. ಬಹಳ ಸಲ ಯಾರೋ ಮಾಡಿರುತ್ತಾರೆ.

ಬರೆಯುವಾಗ ಪ್ಯಾರಾದ ಮೊದಲ ವಾಕ್ಯದಲ್ಲಿ ಪ್ರಶ್ನೆ ಬರಲಿ, ಲೇಖಕರ ಹೆಸರು ಆಮೇಲೆ. ಎಲ್ಲರೂ ‘ಹೇಳಿದ್ದಾರೆ’ ಎಂದೇ ಬರೆದರೆ ಯಾರು ಊಹಿಸಿದರು, ಯಾರು ಆಧಾರ ಕೊಟ್ಟರು, ಯಾರು ಅಲ್ಲಗಳೆದರು ಎಂಬುದು ಗೊತ್ತಾಗದು. ದೊಡ್ಡವರ ಮಾತನ್ನು ಒಪ್ಪದಿದ್ದರೆ ಮರ್ಯಾದೆಯಿಂದ, ಕಾರಣ ಕೊಟ್ಟು ಒಪ್ಪುವುದಿಲ್ಲವೆನ್ನಿ. ಪಾಠಕರು ಏನೆಂದರು ಎಂಬುದನ್ನು ಬೇರೊಬ್ಬರ ಪುಸ್ತಕದಿಂದ ಎತ್ತಿಕೊಂಡಿದ್ದರೆ, ಪಾಠಕರನ್ನೇ ಓದಿದಂತೆ ನಟಿಸಬೇಡಿ. ಎಲ್ಲಿ ಓದಿದಿರೋ ಅದನ್ನೇ ನಮೂದಿಸಿ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು.

ಸಾರಲೇಖ ಒಪ್ಪಿಸಿದಾಗ ಬರೆದ ಸಮೀಕ್ಷೆ ಮಹಾಪ್ರಬಂಧ ಮುಗಿಯುವಷ್ಟರಲ್ಲಿ ಮೂರು ನಾಲ್ಕು ವರ್ಷ ಹಳತಾಗಿರುತ್ತದೆ. ಬೈಂಡಿಂಗಿಗೆ ಕೊಡುವ ಮುನ್ನ ಒಂದು ವಾರ ಎತ್ತಿಟ್ಟು, ಈ ನಡುವೆ ಬಂದದ್ದನ್ನು ಓದಿ ಸೇರಿಸಿ. ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಅಲ್ಲಿಂದಲೇ ಬರುವುದುಂಟು.