ಕಲನಶಾಸ್ತ್ರವೂ ನಮ್ಮ ವಿದ್ಯಾರ್ಥಿಗಳೂ

ಮೈಸೂರು ನಗರದ ಜಯಲಕ್ಷ್ಮಿಪುರಂ ಬಡಾವಣೆಯಲ್ಲಿ ಸಂಜೆ ಆರು ಗಂಟೆಯ ಮೇಲೆ ಒಂದು ಸುತ್ತು ನಡೆದು ಬಂದವರಿಗೆ, ಹೆಗಲಿಗೆ ಚೀಲವನ್ನು ಹಾಕಿಕೊಂಡು ಒಂದು ಪಾಠದ ಮನೆಯಿಂದ ಇನ್ನೊಂದು ಪಾಠದ ಮನೆಗೆ ಅವಸರದಿಂದ ಹೋಗುವ ಹುಡುಗ ಹುಡುಗಿಯರು ಕಾಣಿಸದೆ ಇರಲಾರರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಹಾಜನ ಕಾಲೇಜು ಈ ಬಡಾವಣೆಯಲ್ಲಿಯೇ ಇರುವುದು. ಮಾನಸಗಂಗೋತ್ರಿಯೂ, 1963ರಲ್ಲಿ ಪ್ರಾರಂಭವಾದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜೂ ಹತ್ತಿರದಲ್ಲಿವೆ. ಗೋಕುಲದಲ್ಲಿ ಮತ್ತೊಂದು ಇಂಜಿನಿಯರಿಂಗ್ ಕಾಲೇಜುಂಟು. ಇಷ್ಟು ವಿದ್ಯಾಲಯಗಳ ನಡುವೆ ವಾಸಮಾಡುವ ಮಕ್ಕಳು ಸಂಜೆಯ ಹೊತ್ತು ಮತ್ತೆ ಏನನ್ನು ಹುಡುಕಿಕೊಂಡು ಹೊರಡುತ್ತಾರೆಂದು ವಿಚಾರಿಸಲಾಗಿ, ಹೆಚ್ಚಿನವರಿಂದ ಬಂದ ಉತ್ತರ ಒಂದೇ: ಗಣಿತ, ಅದರಲ್ಲಿಯೂ ಕಲನಶಾಸ್ತ್ರ ಮತ್ತು ಅವಕಲ ಸಮೀಕರಣಗಳು.

ನಮ್ಮ ಗಣಿತವಾದರೋ ಮೆಟ್ರಿಕ್ಯುಲೇಷನ್ನಿಗೆ ನಿಂತುಹೋಯಿತು. ಪಾಠಶಾಲೆಯಲ್ಲಿ ಲೀಲಾವತಿಯ ನಾಲ್ಕು ಲೆಕ್ಕಗಳನ್ನು ಕಲಿತದ್ದೇ ನಮಗಿರುವ ಬಂಡವಾಳ. ಆದುದರಿಂದ ಈ ವಿಷಯದಲ್ಲಿ ಪಾಂಡಿತ್ಯವನ್ನು ತೋರಿಸುವ ಅಪಾಯಕ್ಕೆ ನಾವು ಕೈಹಾಕುವುದಿಲ್ಲ. ಕಣ್ಣಾರೆ ಕಂಡದ್ದನ್ನು ವಾಚಕರ ಮುಂದಿಡುತ್ತೇವೆ.

ಎರಡನೆಯ ವರ್ಷದ ಪಿ.ಯು. ಗಣಿತ ಪುಸ್ತಕದಲ್ಲಿ ಹದಿಮೂರು ಅಧ್ಯಾಯಗಳಿವೆ. ಅವುಗಳಲ್ಲಿ ಐದರಿಂದ ಒಂಬತ್ತರವರೆಗಿನ ಐದು ಅಧ್ಯಾಯಗಳು ಈ ಶಾಸ್ತ್ರಕ್ಕೇ ಮೀಸಲು. ಅವಕಲನ, ಅದರ ಉಪಯೋಗ, ಅನುಕಲನ, ಅದರ ಉಪಯೋಗ, ಕಡೆಗೆ ಅವಕಲ ಸಮೀಕರಣ. ಒಂದರಲ್ಲಿ ಎಡವಿದವನು ಐದರಲ್ಲಿಯೂ ಬೀಳುತ್ತಾನೆ. ಮುಂದೆ ಇಂಜಿನಿಯರಿಂಗ್ ಕಾಲೇಜನ್ನು ಸೇರಿದರೆ ಮೊದಲನೆಯ ವರ್ಷದಲ್ಲಿಯೇ ಇದೇ ಶಾಸ್ತ್ರವು ದೊಡ್ಡ ರೂಪವನ್ನು ತಾಳಿ ಎದುರಿಗೆ ನಿಲ್ಲುತ್ತದೆ. ಹೀಗೆ ಎಡವಿದವರಲ್ಲಿ ಬುದ್ಧಿಯಿಲ್ಲದವರು ಎಷ್ಟು ಮಂದಿ, ಹೇಳಿಕೊಡುವವರಿಲ್ಲದೆ ಕೆಟ್ಟವರು ಎಷ್ಟು ಮಂದಿ ಎಂಬುದೇ ನಮ್ಮ ಪ್ರಶ್ನೆ.

ಈ ಬಡಾವಣೆಯ ಒಂದು ಜಗಲಿಯಲ್ಲಿ ನಿವೃತ್ತ ಗಣಿತೋಪಾಧ್ಯಾಯರೊಬ್ಬರು ಸಂಜೆ ಕುಳಿತಿರುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ, ಹೆಸರು ಹಾಕಬೇಡಿರೆಂದು ನಮಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ನಾವು ಹೋಗಿದ್ದ ದಿನ, ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕನ್ನಡದಲ್ಲಿಯೇ ಓದಿ ಬಂದ ಹುಡುಗನೊಬ್ಬನು ಒಂದು ಲೆಕ್ಕವನ್ನು ಹಿಡಿದುಕೊಂಡು ಬಂದನು. ಲೆಕ್ಕವು ಇಂಗ್ಲಿಷಿನಲ್ಲಿದ್ದಿತು. ಅದರ ತಾತ್ಪರ್ಯವಿಷ್ಟು: ಕೋಣೆಯ ಶಾಖ 25 ಡಿಗ್ರಿ. ಲೋಟದ ಕಾಫಿ 85 ಡಿಗ್ರಿ ಇದ್ದುದು 10 ನಿಮಿಷದಲ್ಲಿ 55ಕ್ಕೆ ಇಳಿಯಿತು. ಕಾಫಿ ಆರುವ ‘ರೇಟ್’ ಅದಕ್ಕೂ ಕೋಣೆಗೂ ಇರುವ ಶಾಖದ ಅಂತರದ ಅನುಪಾತದಲ್ಲಿರುತ್ತದೆ. ಕಾಫಿಯು 40 ಡಿಗ್ರಿಗೆ ಬರುವುದು ಯಾವಾಗ?

"ಮೇಷ್ಟ್ರೇ, ಅನುಕಲನ ಮಾಡುವುದು ನನಗೆ ಬರುತ್ತದೆ, ಸಮೀಕರಣ ಬರೆಯುವುದೇ ಬರುವುದಿಲ್ಲ" ಎಂದನು ಹುಡುಗ.

"ಅದಿರಲಿ, ರೇಟ್ ಎಂದರೇನಪ್ಪಾ?"

"ಬೆಲೆ, ಸಾರ್."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ. "ಸರಿಯಾಗಿಯೇ ಹೇಳಿದೆ. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಯ ರೇಟು ಎಂದರೇನು? ಒಂದು ಕಿಲೋಗೆ ಇಷ್ಟು ರೂಪಾಯಿ. ಇಲ್ಲಿ ಒಂದು ನಿಮಿಷಕ್ಕೆ ಇಷ್ಟು ಡಿಗ್ರಿ. ಮಾರುಕಟ್ಟೆಯ ರೇಟು ಬೆಳಗಿಗೊಂದು ಸಂಜೆಗೊಂದು ಆಗುವುದಿಲ್ಲವೆ? ಕಾಫಿಯ ರೇಟು ಕ್ಷಣಕ್ಕೊಂದಾಗುತ್ತದೆ, ಅಷ್ಟೇ ವ್ಯತ್ಯಾಸ. ಈಗ ಹೇಳು, 55ರಿಂದ 40ಕ್ಕೆ ಎಷ್ಟು ಹೊತ್ತು?"

ಹುಡುಗನು ಮನಸ್ಸಿನಲ್ಲಿಯೇ ಎಣಿಸಿ, ಹತ್ತು ನಿಮಿಷಕ್ಕೆ 30 ಡಿಗ್ರಿ ಇಳಿದಿರುವುದರಿಂದ 15 ಡಿಗ್ರಿಗೆ ಐದು ನಿಮಿಷವೆಂದನು. ನಾವೂ ಹಾಗೆಯೇ ಎಣಿಸಿದ್ದೆವೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. "ಹಾಗಾದರೆ ಅರ್ಧ ಗಂಟೆಗೆ ಕಾಫಿಯು ಸೊನ್ನೆಗಿಂತ ಐದು ಡಿಗ್ರಿ ಕೆಳಗಾಯಿತು. ಮೈಸೂರಿನ ಚಳಿಗೆ ಲೋಟದಲ್ಲಿ ಮಂಜುಗಡ್ಡೆಯಾಯಿತೋ?" ಎಂದರು ಮೇಷ್ಟ್ರು. ಆಗ ಹುಡುಗನ ಮುಖದಲ್ಲಿ ಬೆಳಕು ಕಾಣಿಸಿತು. ಮೊದಲು ಅಂತರ 60 ಇದ್ದಿತು. ಹತ್ತು ನಿಮಿಷದಲ್ಲಿ ಅದು ಅರ್ಧವಾಗಿ 30 ಆಯಿತು. ಇನ್ನು ಹತ್ತು ನಿಮಿಷಕ್ಕೆ ಅದರ ಅರ್ಧ, 15. ಕೋಣೆಯ 25ಕ್ಕೆ 15ನ್ನು ಕೂಡಿಸಿದರೆ 40. ಎಂದರೆ ಮೊದಲಿನಿಂದ ಎಣಿಸಿ ಇಪ್ಪತ್ತನೆಯ ನಿಮಿಷ. ಉತ್ತರವು ಬಾಯಲ್ಲಿ ಬಂದ ಮೇಲೆ ಸಮೀಕರಣವನ್ನು ಅವನೇ ಬರೆದನು; ಅನುಕಲನವನ್ನೂ ಮಾಡಿದನು; ಲಘುಗಣಕವು ಎಲ್ಲಿಂದ ಬಂದಿತೆಂದು ಅವನೇ ಆ ನಕ್ಕ ಇಬ್ಬರಿಗೂ ವಿವರಿಸಿದನು.

ಈ ಹುಡುಗನಿಗೆ ಕಲನಶಾಸ್ತ್ರದಲ್ಲಿ ಕೊರತೆಯಿದ್ದಿತೆಂದು ಯಾರು ಹೇಳಬಲ್ಲರು? ಕೊರತೆಯಿದ್ದುದು ಒಂದು ವಾಕ್ಯದಲ್ಲಿ. ಆ ವಾಕ್ಯವನ್ನು ಅವನ ಮಾತಿನಲ್ಲಿ ಒಮ್ಮೆ ಹೇಳುವವರಿಲ್ಲದೆ ಅವನು ಒಂದು ತಿಂಗಳಿನಿಂದ ಆ ಅಧ್ಯಾಯವನ್ನೇ ಮುಚ್ಚಿಟ್ಟಿದ್ದನಂತೆ. ತರಗತಿಯಲ್ಲಿ ಕೇಳಲಿಲ್ಲವೇಕೆಂದರೆ, ನಗುತ್ತಾರೆಂದು. ನಾವು ಕಣ್ಣಾರೆ ನೋಡಿದೆವಲ್ಲ, ನಕ್ಕರು.

ಇಂತಹ ಸಂದರ್ಭದಲ್ಲಿ ನಮ್ಮ ದೇಶಾಭಿಮಾನಿಗಳು ಭಾಸ್ಕರಾಚಾರ್ಯರನ್ನು ನೆನೆಯುವುದುಂಟು. ನೆನೆಯತಕ್ಕದ್ದೇ. 1150ರ ಸಿದ್ಧಾಂತಶಿರೋಮಣಿಯಲ್ಲಿ ಆಚಾರ್ಯರು ಗ್ರಹದ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ವೇಗವನ್ನು, ಗಣಿಸಿದರು, ನ್ಯೂಟನ್ ಲೈಬ್ನಿಟ್ಸರಿಗಿಂತ ಐದು ಶತಮಾನಗಳ ಮುಂಚೆ. ಅವರ ಹುಟ್ಟೂರು ನಮ್ಮ ಬಿಜಾಪುರದ ಸೀಮೆಯದೆಂಬ ವಾದವೂ ಇದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಇವೆಲ್ಲವೂ ನಿಜವೇ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಸಮೀಕರಣದೆದುರಿಗೆ ಕುಳಿತ ಹುಡುಗನಿಗೆ ಭಾಸ್ಕರಾಚಾರ್ಯರ ಕೀರ್ತಿಯಿಂದ ಒಂದು ಅಂಕವೂ ಬರುವುದಿಲ್ಲ. ಮನೆತನದ ಹಿರಿಮೆಯನ್ನು ಹೇಳಿಕೊಂಡು ಮಕ್ಕಳಿಗೆ ಅನ್ನವಿಕ್ಕದವರ ಸಾಲಿಗೆ ನಾವು ಸೇರಬಾರದು.

ಕನ್ನಡದಲ್ಲಿ ಶಾಸ್ತ್ರವನ್ನು ಹೇಳುವ ಪ್ರಯತ್ನವು ಹೊಸದೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮಿತ್ರರೊಡಗೂಡಿ 1918ರಲ್ಲಿಯೇ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಹನ್ನೊಂದು ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿಯಿತ್ತಿತು. ಶಬ್ದಗಳಿಗೆ ನಮ್ಮಲ್ಲಿ ಬಡತನವಿಲ್ಲ. ಬದನೆಕಾಯಿಯ ರೇಟಿನಿಂದ ಅವಕಲನದವರೆಗೆ ಹುಡುಗನ ಕೈಹಿಡಿದು ನಡೆಸುವ ವಾಕ್ಯಗಳಿಗೆ ಬಡತನ. ಪರೀಕ್ಷೆಯು ಇಂಗ್ಲಿಷಿನಲ್ಲಿರುವಾಗ ಕನ್ನಡದ ವಿವರಣೆಯೇಕೆಂದು ಕೆಲವು ತಂದೆತಾಯಿಗಳು ಆಕ್ಷೇಪಿಸುತ್ತಾರೆ. ಆ ಜಗಲಿಯಲ್ಲಿ ಹುಡುಗನು ಉತ್ತರವನ್ನು ಬರೆದದ್ದು ಇಂಗ್ಲಿಷಿನಲ್ಲಿಯೇ, ತಿಳಿದುಕೊಂಡದ್ದು ಕನ್ನಡದಲ್ಲಿ. ಎರಡಕ್ಕೂ ಜಗಳವೇನಿದೆ?

ಈಗ ಮೊಬೈಲಿಗೆ ಲೆಕ್ಕದ ಚಿತ್ರವನ್ನು ತೋರಿಸಿದರೆ ಸಾಕು, ಉತ್ತರವು ಹಂತಹಂತವಾಗಿ ಬಂದುಬಿಡುತ್ತದೆ. ಅದನ್ನು ನಾವು ಹಳಿಯುವುದಿಲ್ಲ. ಉಪಾಧ್ಯಾಯರಿಲ್ಲದ ಊರಿನ ಮಗುವಿಗೆ ಅದೂ ಒಂದು ಆಸರೆಯೇ. ಆದರೆ ಆ ಹುಡುಗನೂ ಅದೇ ಲೆಕ್ಕವನ್ನು ಮೊಬೈಲಿಗೆ ತೋರಿಸಿದ್ದನು, ಉತ್ತರವು ಅವನ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಇಳಿದೂ ಇದ್ದಿತು. ರೇಟ್ ಎಂದರೇನೆಂದು ಅದು ಅವನನ್ನು ಕೇಳಿರಲಿಲ್ಲ.

ಕಾಲೇಜಿನ ಉಪನ್ಯಾಸಕರನ್ನು ದೂರುವುದೂ ನ್ಯಾಯವಲ್ಲ. ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಕ್ರಮ, ಅದರ ಮೇಲೆ ಕಚೇರಿಯ ಕಾಗದಗಳು. ಒಬ್ಬೊಬ್ಬನ ವಾಕ್ಯವನ್ನೂ ಬಿಡಿಸುತ್ತ ಕುಳಿತರೆ ವರ್ಷವೇ ಸಾಲದು. ನಾವು ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದು ಸ್ವಲ್ಪವೇ. ಈ ಬಡಾವಣೆಯ ಸುತ್ತಮುತ್ತ ನಿವೃತ್ತರಾದ ಗಣಿತಾಧ್ಯಾಪಕರು ಹಲವರಿದ್ದಾರೆ. ವಾರಕ್ಕೆ ಎರಡು ಸಂಜೆ ಒಂದು ಕೋಣೆ, ಒಂದು ಕಪ್ಪುಹಲಗೆ, ಕುಳಿತುಕೊಳ್ಳಲು ಹತ್ತು ಬೆಂಚು, ಇಷ್ಟನ್ನು ಯಾವುದಾದರೂ ವಿದ್ಯಾಲಯವೋ ವಾಚನಾಲಯವೋ ಬಿಟ್ಟುಕೊಟ್ಟರೆ ಉಳಿದುದನ್ನು ಅವರೇ ನೋಡಿಕೊಳ್ಳುತ್ತಾರೆ. ಟ್ಯೂಷನ್ನಿನ ಶುಲ್ಕವನ್ನು ತೆರಲಾರದ ಮನೆಗಳಿಗೆ ಇದರಿಂದಾಗುವ ಉಪಕಾರವನ್ನು ನಾವು ವಿವರಿಸಬೇಕಾಗಿಲ್ಲ.

ನಮ್ಮ ಪಾಲಿನದನ್ನು ನಾವು ಮಾಡುತ್ತೇವೆ. ಮುಂದಿನ ತಿಂಗಳಿನಿಂದ ಪ್ರತಿ ಬುಧವಾರ ಈ ಪುಟದಲ್ಲಿ ಒಂದು ಲೆಕ್ಕವನ್ನು ಕನ್ನಡದ ವಿವರಣೆಯೊಡನೆ ಪ್ರಕಟಿಸುವೆವು. ಜಗಲಿಯ ಮೇಷ್ಟ್ರು ಒಪ್ಪಿದ್ದಾರೆ. ಅವರದೊಂದು ಷರತ್ತುಂಟು: ಪ್ರಶ್ನೆಯನ್ನು ಕಳುಹಿಸುವವರು ತಾವು ಎಲ್ಲಿಯವರೆಗೆ ಮಾಡಿದ್ದಾರೆ, ಎಲ್ಲಿ ನಿಂತರು ಎಂಬುದನ್ನು ತಪ್ಪಿದ್ದರೂ ಅಳಿಸದೆ ಬರೆದು ಕಳುಹಿಸಬೇಕು. ಬರಿಯ ಪ್ರಶ್ನೆಗೆ ಉತ್ತರ ಕೊಡಲಾಗುವುದಿಲ್ಲ.